ಗೆರೆ ಬಿಡದ ಶಶಿಕಲಾ

ಶಶಿಕಲಾಳ ಕಾಲು ಪಳಗಿದ್ದು ಚೇಳೂರಿನ ಕಬಡ್ಡಿ ಅಂಕಣದಲ್ಲಿ. ಎಡ ಮೂಲೆ ಅವಳದು. ಅಲ್ಲಿ ಕಲಿತದ್ದು ಎರಡೇ ಪಾಠ: ಗೆರೆ ದಾಟಬೇಡ, ಬಾಯಿ ಬಿಡಬೇಡ. ಹೆಬ್ಬೆರಳು ಗೆರೆಯಾಚೆ ಹೋದರೂ ಔಟು. ಎದುರಾಳಿಯನ್ನು ಹಿಡಿಯುವ ಗಳಿಗೆ ಬಂದಾಗ ಪಕ್ಕದವಳ ಬೆರಳು ಒತ್ತಿದರೆ ಸಾಕು. ಕೂಗಿದರೆ ಗುಟ್ಟು ರಟ್ಟಾಯಿತು. ಹತ್ತು ವರ್ಷ ಹೀಗೆ ಆಡಿದ ಮೈಗೆ ಇನ್ನೊಂದು ಆಟ ಹತ್ತು ಎಂದರೆ ಎಲ್ಲಿಂದ ಹತ್ತೀತು, ನೀವೇ ಹೇಳಿ.

ಅವಳು ತುಮಕೂರಿಗೆ ಬಂದು ಶಿರಾ ಗೇಟಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಿದ್ದಳು. ಒಂದು ದಿನ ಮೇಲಿನ ಹಲಗೆಯಿಂದ ಜಾರಿದ ಕೆಮ್ಮಿನ ಸಿರಪ್ಪನ್ನು ಒಂದೇ ಕೈಯಲ್ಲಿ ಹಿಡಿದಳು. ಮಾತ್ರೆ ಕೊಳ್ಳಲು ಬಂದಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು ವೆಂಕಟರಂಗಯ್ಯನವರು ಮಾತ್ರೆ ಮರೆತು ಅವಳ ಕೈಯನ್ನೇ ನೋಡಿದರು. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿಕೊಂಡು ಗೋಲು ಕಾಯುವ ಗೋಲಿ ಸಿಗದೆ ಒದ್ದಾಡುತ್ತಿದ್ದ ಮನುಷ್ಯ. ಮರುವಾರವೇ ಅವಳ ಕೈಗೆ ಗ್ಲೌಸ್ ಬಂತು. ದಿನವಿಡೀ ಚೀಟಿ ಓದಿ ಡಬ್ಬಿ ತೆಗೆದುಕೊಡುವ ಇಪ್ಪತ್ತಾರರ ಹೆಣ್ಣಿಗೆ ಬೆಳಗಿನ ಅಭ್ಯಾಸದ ಆ ಒಂದೂವರೆ ಗಂಟೆ ಬಿಟ್ಟರೆ ತನ್ನದು ಎನ್ನುವುದು ಬೇರೇನೂ ಇರಲಿಲ್ಲ.

ಚೆಂಡು ಕೈಗೆ ಬಂದರೆ ಬಿಡುತ್ತಿರಲಿಲ್ಲ, ಸರಿ. ಆದರೆ ಗೋಲಿನ ಗೆರೆಯನ್ನೂ ಬಿಡುತ್ತಿರಲಿಲ್ಲ! ಅವಳ ಮುಂದೆ ಬ್ಯಾಕ್ ಆಡುತ್ತಿದ್ದವಳು ಉಪ್ಪಾರಹಳ್ಳಿಯ ಅಪರ್ಣ, ಹತ್ತೊಂಬತ್ತರ ಹುಡುಗಿ. ನೋಡಲು ಕಡ್ಡಿ, ಭುಜ ಕೊಟ್ಟು ನಿಂತರೆ ಗಟ್ಟಿ ಆಳು. ಎದುರಿನವಳನ್ನು ಅವಳು ಮೈಗೆ ಮೈ ಒತ್ತಿ ಒಂದು ಗಳಿಗೆ ತಡೆಯಬೇಕು, ಆ ಹೊತ್ತಿನಲ್ಲಿ ಗೋಲಿ ಬಂದು ಚೆಂಡು ಎತ್ತಬೇಕು. ಶಶಿಕಲಾ ಬರುತ್ತಲೇ ಇರಲಿಲ್ಲ.

"ಏನಮ್ಮಾ, ಗೂಟ ಹೊಡ್ದಂಗೆ ನಿಂತಿದೀಯಲ್ಲ!" ಎಂದು ಮೇಷ್ಟ್ರು ರೇಗುತ್ತಿದ್ದರು. "ಬಾಲು ಎದುರಿನವಳ ಕಾಲಿಂದ ಒಂದು ಮಾರು ದೂರ ಹೋದ ತಕ್ಷಣ ಹೊರಡು. ಹೊರಟ್ಮೇಲೆ ಅರ್ಧಕ್ಕೆ ನಿಲ್ಬೇಡ. 'ನಂದು' ಅಂತ ಜೋರಾಗಿ ಕೂಗು, ಆಗ ಅಪರ್ಣ ಪಕ್ಕಕ್ಕೆ ಸರೀತಾಳೆ."

ಕುಣಿಗಲ್ಲಿನಲ್ಲಿ ಗುಬ್ಬಿ ತಂಡದ ಮೇಲೆ ಪಂದ್ಯ ಗೊತ್ತಾಯಿತು. ಅದರ ಹಿಂದೆಯೇ ಅಪರ್ಣ ರಾಜ್ಯ ತಂಡದ ಶಿಬಿರಕ್ಕೆ ಹೋಗುವವಳಿದ್ದಳು. ಬಸ್ಸಿನಲ್ಲಿ ಮೇಷ್ಟ್ರು ಶಶಿಕಲಾಳ ಪಕ್ಕ ಕೂತು, "ಇವತ್ತೂ ಗೆರೆ ಬಿಡ್ಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಕೋತೀನಮ್ಮ, ಬೇಜಾರ್ ಮಾಡ್ಕೋಬೇಡ" ಎಂದರು.

ಅಪರ್ಣ ಹಿಂದಿನ ಸೀಟಿನಿಂದ ಬಗ್ಗಿ, "ಬನ್ನಿ ಅಕ್ಕ, ನಾನಿದೀನಲ್ಲ" ಎಂದಳು.

ಪಂದ್ಯದಲ್ಲಿ ಮೇಷ್ಟ್ರ ತಂಡಕ್ಕೆ ಒಂದು ಗೋಲಿನ ಮುನ್ನಡೆ ಇತ್ತು, ಮುಗಿಯಲು ಐದು ನಿಮಿಷ. ಗುಬ್ಬಿಯ ಎತ್ತರದ ಹುಡುಗಿ ಚೆಂಡು ತಳ್ಳಿಕೊಂಡು ನುಗ್ಗಿದಳು. ಅಪರ್ಣ ಭುಜ ಕೊಟ್ಟಳು. ಚೆಂಡು ಒಂದು ಮಾರು ಮುಂದೆ ಹೋಯಿತು. ಶಶಿಕಲಾ ಹೊರಟಳು! ಜೀವಮಾನದಲ್ಲಿ ಮೊದಲ ಸಲ ಅವಳ ಕಾಲು ಗೆರೆ ಬಿಟ್ಟಿತು, ಅರ್ಧಕ್ಕೆ ನಿಲ್ಲಲೂ ಇಲ್ಲ. ಆದರೆ ಬಾಯಿ ಮಾತ್ರ ಚೇಳೂರಿನದೇ. ತುಟಿ ಬಿಗಿದುಕೊಂಡು ಓಡಿದಳು. ಹಿಂದಿನಿಂದ ಗೋಲಿ ಬರುತ್ತಿದ್ದಾಳೆಂದು ತಿಳಿಯದ ಅಪರ್ಣ ಚೆಂಡಿಗೆ ಕಾಲು ಚಾಚಿ ತಿರುಗಿದಳು. ಶಶಿಕಲಾ ತನ್ನ ಪೂರ್ತಿ ಭಾರ ಹಾಕಿ ಆ ಕಾಲಿನ ಮಂಡಿಯ ಮೇಲೆ ಬಿದ್ದಳು.

ಚೆಂಡು ಕೈಯಲ್ಲೇ ಇತ್ತು. ತಂಡ ಗೆದ್ದಿತು.

ಮಂಡಿಯ ಒಳಗಿನ ಲಿಗಮೆಂಟು ಹರಿದಿದೆ, ಆಪರೇಷನ್ ಆದ ಮೇಲೆ ಓಡಾಡಬಹುದು, ಆಟ ಮರೆತುಬಿಡಿ ಎಂದರು ಡಾಕ್ಟರು. ಶಶಿಕಲಾ ಉಪ್ಪಾರಹಳ್ಳಿಗೆ ನೋಡಲು ಹೋದಾಗ ಅಪರ್ಣಳ ತಾಯಿ ಕೌಸಲ್ಯ ಕಾಫಿ ತಂದಿಟ್ಟು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಪ್ಪಾಯ್ತು ಕಣೇ," ಎಂದಳು ಶಶಿಕಲಾ.

ಅಪರ್ಣ ಕಾಲಿನ ಪಟ್ಟಿಯನ್ನೇ ನೋಡುತ್ತಿದ್ದಳು. "ಒಂದ್ ಸಲ ಕೂಗಿದ್ರೆ ಬಿಟ್ಬಿಡ್ತಿದ್ದೆ ಅಕ್ಕ."

ಕಾಫಿ ಆರಿಹೋಯಿತು. ಶಶಿಕಲಾ ಕುಡಿಯದೆ ಎದ್ದು ಬಂದಳು.

ಮೇಷ್ಟ್ರು ಅವಳನ್ನು ತೆಗೆಯಲಿಲ್ಲ. "ಆಟ ಅಂದ್ಮೇಲೆ ಆಗುತ್ತೆ. ನೀನು ಬಂದೆಯಲ್ಲ, ಅದು ಮುಖ್ಯ" ಎಂದು ಗ್ಲೌಸನ್ನು ಮತ್ತೆ ಕೈಗಿಟ್ಟರು. ಮೂರು ವಾರದ ಮೇಲೆ ಅಭ್ಯಾಸಕ್ಕೆ ಬಂದಳು. ಅಪರ್ಣಳ ಜಾಗದಲ್ಲಿ ಹೊಸಬಳೊಬ್ಬಳಿದ್ದಳು. ಚೆಂಡು ನಡುವಿನಿಂದ ತೂರಿ ಬಂತು, ಹೊಸಬಳು ಭುಜ ಕೊಟ್ಟು ಅಡ್ಡ ನಿಂತಳು.

"ನಂದು!" ಎಂದು ಶಶಿಕಲಾ ಕೂಗಿದಳು. ಮೈದಾನದ ಆಚೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು.

ಹೊಸಬಳು ಆ ಮಾತು ನಂಬಿ ಪಕ್ಕಕ್ಕೆ ಸರಿದಳು. ಶಶಿಕಲಾಳ ಕಾಲು ಏಳಲಿಲ್ಲ. ಅಡ್ಡಿಯಿಲ್ಲದೆ ಬಂದ ಎದುರಿನ ಹುಡುಗಿ, ಗೆರೆಯ ಮೇಲೆ ನಿಂತಿದ್ದ ಅವಳ ಎಡಕ್ಕೆ ಚೆಂಡನ್ನು ಆರಾಮಾಗಿ ಒದ್ದು ಗೋಲು ಹೊಡೆದಳು.

ಶಶಿಕಲಾ ಗ್ಲೌಸ್ ಬಿಚ್ಚಿ ಕಂಬದ ಬುಡದಲ್ಲಿಟ್ಟು, ಅಂಗಡಿ ತೆಗೆಯುವ ಹೊತ್ತಾಯಿತೆಂದು ಮೇಷ್ಟ್ರಿಗೆ ಹೇಳಿ ಹೊರಟಳು.