ಮಲಗಿದ್ದ ಮಗುವಿನ ಕಾವಲು

ಪತ್ರಿಕೆಯ ಆರೋಗ್ಯ ಪುಟ ಓದುವುದು ನನಗೊಂದು ಚಟ. ನಿಮಗೂ ಇದ್ದೀತು. ಓದಿ ಮುಗಿಸುವಷ್ಟರಲ್ಲಿ ಅಲ್ಲಿರುವ ರೋಗವೆಲ್ಲ ನನಗೇ ಬಂದಿರುತ್ತದೆ. ಇವತ್ತು ಮಾತ್ರ ಬೇರೆಯವರ ನೆನಪಾಗಿ ಕಾಫಿ ಆರಿಹೋಯಿತು. ಅಲ್ಜೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ, ಮಿದುಳನ್ನು ಕಾಯುವ ಜೀವಕೋಶಗಳೇ ಕೆರಳಿ, ಉರಿಯೂತವಾಗಿ, ಕಾಯಬೇಕಾದ್ದನ್ನೇ ಕೆಡಿಸಬಹುದಂತೆ.

ಜಡಿಗೇನಹಳ್ಳಿಯ ದೊಡ್ಡಮ್ಮ ಕಣ್ಣಮುಂದೆ ಬಂದಳು.

ನಾನು ಆರು ತಿಂಗಳ ಕೂಸಾಗಿದ್ದಾಗ ಅಮ್ಮ ತೀರಿಕೊಂಡಳು. ಮಡಿಲಿಗೆ ಹಾಕಿಕೊಂಡವಳು ಅಮ್ಮನ ಅಕ್ಕ, ಈ ದೊಡ್ಡಮ್ಮ. ಹೊಲದಲ್ಲಿ ಕಳೆ ಕೀಳುವಾಗಲೂ, ನಾನು ಮಲಗಿದ್ದ ಹೊಂಗೆಮರದತ್ತ ನಾಯಿ ಸುಳಿದರೆ ಮಣ್ಣಹೆಂಟೆ ಬೀಸುತ್ತಿದ್ದಳಂತೆ.

ತೊಂಬತ್ತರ ದಶಕದಲ್ಲಿ ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಸೇರಿದ ಮೇಲೆ ಅವಳಿಗೆ ಮರೆವು ಹತ್ತಿತು. ಮೊದಲು ಸಾರಿಗೆ ಉಪ್ಪು ಮರೆತಳು, ಆಮೇಲೆ ಹೊಲದ ದಾರಿ. ಊರವರು ಅರಳುಮರಳು ಅಂದರು. ನಾವು ನೆತ್ತಿಗೆ ಹರಳೆಣ್ಣೆ ಒತ್ತಿದೆವು. ನಮಗೆ ತಿಳಿದಿದ್ದು ಅಷ್ಟೇ.

ಒಮ್ಮೆ ನಾಲ್ಕು ತಿಂಗಳು ನಾನು ಅತ್ತ ಹೋಗಲಿಲ್ಲ. ಶಿಫ್ಟು, ಬಸ್ಸು ಎಂದು ನೆಪ ಹೇಳುತ್ತಿದ್ದೆ. ನಿಜವೆಂದರೆ, ಅವಳನ್ನು ಹಾಗೆ ನೋಡಲು ಭಯ. ಕೊನೆಗೊಂದು ಭಾನುವಾರ ಹೋದರೆ, ದೊಡ್ಡಮ್ಮ ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಯಾರಮ್ಮ ನೀನು? ಒಳಕ್ ಬರ್ಬ್ಯಾಡ. ಮಗ ಮಲ್ಗೈತೆ."

"ನಾನ್ ಕಣೇ ದೊಡ್ಡಮ್ಮ!" ಎಂದು ಹೊಸ್ತಿಲು ದಾಟಹೋದೆ. ಮೊಣಕೈಗೆ ಏಟು ಬಿತ್ತು.

ಅವಳ ಸೊಸೆ ಸರೋಜತ್ತಿಗೆ ಓಡಿಬಂದು ನನ್ನನ್ನು ಪಕ್ಕಕ್ಕೆಳೆದಳು. "ಬೇಜಾರ್ ಮಾಡ್ಕೋಬ್ಯಾಡಮ್ಮ. ಆ ಮಗ ನೀನೇ. ದಿನಾ ನಿನ್ ಹೆಸ್ರೇ ಹೇಳ್ಕೊಂಡು ಬಾಗ್ಲು ಕಾಯ್ತಾರೆ."

ಜಗಲಿಯ ಮೇಲೆ ಕೂತು ಅತ್ತೆ. ಆಮೇಲೆ ಯಾರೋ ದಾರಿಹೋಕಳ ಹಾಗೆ ಕೇಳಿದೆ: "ಮಗ ಹೆಂಗೈತಮ್ಮ?"

ದೊಡ್ಡಮ್ಮನ ಮುಖ ಅರಳಿತು. "ಬೋ ಹಠ. ಒಂದ್ ಮುದ್ದೆ ತಿನ್ನಕ್ಕೆ ಅರ್ಧ ದಿನ ಬೇಕು. ಆದ್ರೆ ನನ್ ಬಿಟ್ಟು ಒಂದ್ ಗಳಿಗೆ ಇರಾಕಿಲ್ಲ."

ನಾನು ತಲೆ ತಗ್ಗಿಸಿದೆ.

ಅಂದಿನಿಂದ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅವಳು ಒಳಗೆ ಬಿಡುತ್ತಿರಲಿಲ್ಲ. ಜಗಲಿಯಲ್ಲೇ ಕೂತು ನನ್ನ ಸುದ್ದಿಯನ್ನು ಅವಳ ಬಾಯಿಂದ ಕೇಳಿ ಬರುತ್ತಿದ್ದೆ. ಹಲ್ಲು ಬಂದಿದ್ದು, ಜ್ವರ ಬಿಟ್ಟಿದ್ದು, ಹೆಜ್ಜೆ ಇಟ್ಟಿದ್ದು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಅವಳಿಗೆ ಮಾತೇ ನಿಂತಿತು. ನಾನು ಒಳಗೆ ಹೋದರೂ ತಡೆಯಲಿಲ್ಲ. ಅದೇ ಮಾಗಿಯಲ್ಲಿ ಹೋಗಿಬಿಟ್ಟಳು.

ಏಟು ರೋಗದ್ದು, ಪ್ರೀತಿ ಅವಳದ್ದು ಎಂದು ಇಷ್ಟು ವರ್ಷ ಬೇರೆ ಮಾಡಿಟ್ಟುಕೊಂಡಿದ್ದೆ. ಇವತ್ತು ಹಾಗೆ ಬೇರೆ ಮಾಡಲು ಮನಸ್ಸು ಒಪ್ಪಲಿಲ್ಲ; ಆ ಏಟೂ ನನ್ನನ್ನು ಕಾಯಲೆಂದೇ ಬಿದ್ದದ್ದು. ಐವತ್ತೈದು ದಾಟಿದ ನನ್ನನ್ನು ಯಾರಾದರೂ ಬಾಗಿಲಲ್ಲೇ ತಡೆದು, ಮೆಲ್ಲಗೆ ಮಾತಾಡಮ್ಮ, ಮಗು ಎದ್ದೀತು ಎಂದು ಗದರಬಾರದೇ ಅನ್ನಿಸಿತು.