ಎರಡನೇ ಸಲದ ಬೆಂಕಿ

ಬೆಳಗಿನ ಆರು ಗಂಟೆ. ಯಶವಂತಪುರದ ಬಳಿಯ ಸಂಶೋಧನಾಲಯವೊಂದರ ಹಿಂದಿನ ಶೆಡ್ಡಿನಲ್ಲಿ ಚಿಕ್ಕಹನುಮಯ್ಯ ಗಾಜಿನ ಕೊಳವೆಯನ್ನು ನೀಲಿ ಜ್ವಾಲೆಗೆ ಹಿಡಿದು ತಿರುಗಿಸುತ್ತಿದ್ದಾರೆ. ಗಾಜು ಮೆತ್ತಗಾದೊಡನೆ ಬಾಯಿಗಿಟ್ಟು ಊದುತ್ತಾರೆ. ನಿಂಬೆಹಣ್ಣಿನಷ್ಟು ಬುಡ್ಡಿ ಅರಳುತ್ತದೆ. "ಮಗೀನ ಕಣ್ಣಾಗಿನ ಧೂಳಿಗೆ ಊದ್ದಂಗೆ ಊದ್ಬೇಕು," ಎನ್ನುತ್ತಾರೆ. ಅಲ್ಲಾಳಸಂದ್ರದ ಇವರಿಗೆ ಈ ೧೯೮೪ಕ್ಕೆ ಐವತ್ತೆರಡು ವರ್ಷ. ದಿನಕ್ಕೆ ಎಂಟು ಬುಡ್ಡಿ.

ಆ ಬುಡ್ಡಿಗಳಲ್ಲಿ ವೇದವತಿ ಎಂಬ ತರುಣ ವಿಜ್ಞಾನಿ ಕವಲೊಡೆದ ಪಾಲಿಮರ್, ಅಂದರೆ ಅಣುಗಳ ಉದ್ದನೆಯ ಸರಪಳಿ, ತಯಾರಿಸುತ್ತಾರೆ. ಒಂದು ನಡುವಿನಿಂದ ನಾಲ್ಕು ತೋಳು. ಪ್ರತಿ ತೋಳಿನಲ್ಲೂ ಅರ್ಧ ಪ್ಲಾಸ್ಟಿಕ್ಕು, ಅರ್ಧ ರಬ್ಬರು. ಎರಡೂ ಒಂದಕ್ಕೊಂದು ಹೊಂದವು, ಬಿಟ್ಟು ಹೋಗಲೂ ಆಗದು. ಹಾಗಾಗಿ ತಮ್ಮತಮ್ಮವರ ಜೊತೆ ಸೇರಿ ಸಾಲುಗಟ್ಟುತ್ತವೆ. ಒಂದು ಕೂದಲೆಳೆಯ ದಪ್ಪದಲ್ಲಿ ಅಂಥ ಸಾಲು ಸಾವಿರಾರು. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅವು ಜಮಖಾನದ ಪಟ್ಟೆಯಂತೆ ಕಾಣುತ್ತವೆ. "ಯಾರೂ ಜೋಡ್ಸಿಲ್ಲ, ಅವೇ ಜೋಡ್ಕೊಂಡವೆ," ಎಂದು ಚಿಕ್ಕಹನುಮಯ್ಯ ತಲೆ ತಗ್ಗಿಸುತ್ತಾರೆ.

ತಗ್ಗಿಸಲು ಕಾರಣವಿದೆ. ಸರಪಳಿ ಬೆಳೆಯುವಾಗ ಬುಡ್ಡಿಯೊಳಗಿನ ದ್ರವ ಕೆಂಪಗಿರುತ್ತದೆ. ಒಂದಿಷ್ಟು ತೇವ ತಗುಲಿದರೆ ಕೆಂಪು ಮಾಯ, ಬೆಳವಣಿಗೆ ಅಲ್ಲಿಗೇ ಮುಗಿಯಿತು. ಊದಿದವರ ಉಸಿರಿನ ಪಸೆ ಗಾಜಿಗೆ ಅಂಟಿಯೇ ಇರುತ್ತದೆ. ಆದ್ದರಿಂದ ಬುಡ್ಡಿಯ ಗಾಳಿ ತೆಗೆದು ಎರಡು ಸಲ ಬೆಂಕಿ ತೋರಿಸಬೇಕು. ಹೋದ ವರ್ಷ ಒಂದು ಸಂಜೆ, ಯಲಹಂಕದ ಬಸ್ಸು ತಪ್ಪೀತೆಂದು, ಎರಡು ದಿನ ಊದಿಟ್ಟಿದ್ದ ಹನ್ನೆರಡು ಬುಡ್ಡಿಗಳಿಗೆ ಅವರು ಒಂದೇ ಸಲ ತೋರಿಸಿದರು.

ಹನ್ನೆರಡರಲ್ಲೂ ಕೆಂಪು ನಿಲ್ಲಲಿಲ್ಲ. ಮೂರು ತಿಂಗಳು ವ್ಯರ್ಥವಾಯಿತು. ತಪ್ಪು ತನ್ನದೇ ಎಂದು ವೇದವತಿ ಮೇಲಿನವರೆದುರು ಒಪ್ಪಿಕೊಂಡರು. ಆ ಮಧ್ಯಾಹ್ನವೂ, ಎಂದಿನಂತೆ, ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಇವರಿಗೆ ಕೊಟ್ಟರು. "ಆ ತುತ್ತು ಇನ್ನೂ ಗಂಟ್ಲಾಗೇ ಅದೆ," ಎನ್ನುತ್ತಾರೆ.

ಆಮೇಲಿನ ಬುಡ್ಡಿಗಳು ಕೈಕೊಡಲಿಲ್ಲ. ಕಳೆದ ವಾರ ವೇದವತಿಯವರ ಪ್ರಬಂಧ ಸಿದ್ಧವಾಯಿತು. ಕೊನೆಯಲ್ಲಿ ಚಿಕ್ಕಹನುಮಯ್ಯನವರ ಹೆಸರು ಬರೆದು, "ತಪ್ಪಿಲ್ಲದ ಕೈಗೆ ಕೃತಜ್ಞತೆ" ಎಂದಿದ್ದನ್ನು ಓದಿ ಹೇಳಿದರು. ಆಗ ಇವರು ಹೇಳಿಬಿಟ್ಟರು:

"ಅಮ್ಮಾ, ಆ ಅನ್ನೆಲ್ಡು ಬುಡ್ಡಿ ಕೆಡ್ಸಿದ್ದು ನಾನು. ಒಂದೇ ಸಲ ಕಾಯ್ಸಿ ಬಸ್ಸಿಗೆ ಓಗ್ಬುಟ್ಟೆ."

"ಮೂರು ತಿಂಗ್ಳು ನನ್ ಕೈನೇ ಬೈಕೊಂಡೆನಲ್ಲ, ಹನುಮಯ್ಯನೋರೇ," ಎಂದರು ವೇದವತಿ. ಸ್ಟೂಲು ಎಳೆದು, "ಕೂತ್ಕೊಳ್ಳಿ" ಎಂದರು. ಇವರು ಕೂರಲಿಲ್ಲ.

ಈ ಲೇಖನಕ್ಕೆ ಚಿಕ್ಕಹನುಮಯ್ಯನವರದು ಒಂದೇ ಷರತ್ತು: ತಮ್ಮ ತಪ್ಪನ್ನು ಬರೆಯದೆ ಬಿಡಬಾರದು. ಪ್ರಬಂಧ ಇನ್ನೂ ಟಪಾಲಿಗೆ ಹೋಗಿಲ್ಲ. ಅದರ ವಿಷಯದಲ್ಲಿ ಅವರು ವೇದವತಿಯವರನ್ನು ಕೇಳಿಕೊಂಡಿದ್ದು ಇಷ್ಟೇ: "ನನ್ ಎಸ್ರು ತೆಗೀರಮ್ಮ. ಆ ಜಾಗ್ದಾಗೆ, ಎರಡ್ ಸಲ ಕಾಯ್ಸಬೇಕು ಅಂತ ಬರೀರಿ. ನನ್ ಆದ್ಮೇಲೆ ಊದೋನಿಗೆ ಗೊತ್ತಾಗ್ಲಿ."