ಸ್ಟ್ಯಾಂಡಿನ ಕುಪ್ಪುಸ್ವಾಮಿ ಮತ್ತು ಕಣ್ಣಿಲ್ಲದ ಬಸ್ಸು

ಬಂಗಾರಪೇಟೆ ಸ್ಟೇಷನ್ನಿನ ಪಕ್ಕದ ಗಾಡಿ ಸ್ಟ್ಯಾಂಡಿನಲ್ಲಿ, ಟೋಕನ್ ಕೊಡುವ ಕುಪ್ಪುಸ್ವಾಮಿ ಕೂರುವ ತಗಡಿನ ಗೂಡು ಎಷ್ಟು ಸಣ್ಣದೆಂದರೆ, ಅವರು ಒಳಗೆ ಕೂತರೆ ಕಾಲು ಹೊರಗಿರಬೇಕು. ಆ ಗೂಡಿನ ಗೋಡೆಗಳಿಗೆಲ್ಲ ಮೊಳೆ ಹೊಡೆದು, ಮೊಳೆಗೊಂದರಂತೆ ಆಟದ ಗಾಡಿಗಳನ್ನು ತೂಗುಹಾಕಿದ್ದರು. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಪುಟ್ಟ ಲಾರಿ, ಜೀಪು, ಟ್ರ್ಯಾಕ್ಟರು. ಎಲ್ಲವೂ ಬುಗುರಿ ಎಂಬ ಕಂಪನಿಯವು, ಎಲ್ಲವೂ ಅಂಗಡಿಯಿಂದ ತಂದ ಹಾಗೆಯೇ ಪ್ಯಾಕೆಟ್ಟಿನೊಳಗೆ. ಬಿಸಿಲಿಗೆ ರಟ್ಟಿನ ಬಣ್ಣ ಹೋಗಬಾರದೆಂದು ಹೆಂಡತಿ ಮರಿಯಮ್ಮನ ಹಳೇ ಸೀರೆಯದೊಂದು ಪರದೆ ಬೇರೆ.

ಬೆಳಿಗ್ಗೆ ಸ್ಕೂಟಿ ನಿಲ್ಲಿಸಿ, ಟೋಕನ್ ಕಿತ್ತುಕೊಂಡು ಬೆಂಗಳೂರು ಟ್ರೈನಿಗೆ ಓಡುತ್ತಿದ್ದ ಸುಮಿತಾ ಆ ಪರದೆಯ ಹಿಂದೆ ಏನಿದೆಯೆಂದು ಎಂದೂ ನೋಡಿರಲಿಲ್ಲ. ನೋಡಬೇಕಾಗಿ ಬಂದದ್ದು ಮಗ ವೆಂಕಿಯ ಬಸ್ಸು ಕಳೆದ ಮೇಲೆ.

ವೆಂಕಿಗಿನ್ನೂ ನಾಲ್ಕು ತುಂಬಿರಲಿಲ್ಲ. ಹಗಲೆಲ್ಲ ಅಜ್ಜಿ ಅಮ್ಮಾಜಮ್ಮನ ಜೊತೆ ಇದ್ದು ಇದ್ದು, 'ಹೋಗು' ಎನ್ನುವುದನ್ನು 'ಓಗು' ಎನ್ನಲು ಕಲಿತಿದ್ದ. ಮುಂದೆ ಸ್ಕೂಲಿನ ಇಂಟರ್‌ವ್ಯೂನಲ್ಲಿ ಏನಾಗುತ್ತದೋ ಎಂಬುದು ಸುಮಿತಾಳ ನೂರು ಚಿಂತೆಗಳಲ್ಲಿ ಒಂದು. ಬೆಂಗಳೂರಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದ ಮೊದಲ ದಿನ, ಕಾಲಿಗೆ ಸುತ್ತಿಕೊಂಡ ಮಗನನ್ನು ಬಿಡಿಸಲಾರದೆ, ಅಲ್ಲೇ ಬಿದ್ದಿದ್ದ ಬುಗುರಿಯ ಪುಟ್ಟ ಕೆಂಪು ಬಸ್ಸನ್ನು ಅವನ ಕೈಗೆ ತುರುಕಿ, "ಇದು ನಿನ್ನ ಹತ್ರ ಇರ್ಲಿ. ಸಾಯಂಕಾಲ ಅಮ್ಮನ್ನ ಇದೇ ವಾಪಸ್ ಕರ್ಕೊಂಡು ಬರುತ್ತೆ" ಎಂದಿದ್ದಳು. ಬಾಯಿಗೆ ಬಂದ ಮಾತು. ಆದರೆ ಅಂದಿನಿಂದ ಸಂಜೆ ಅವಳು ಬಂದಾಗಲೆಲ್ಲ ವೆಂಕಿ ಮೊದಲು ಬಸ್ಸಿಗೆ ಮುತ್ತು ಕೊಟ್ಟು, ಆಮೇಲೆ ಅವಳ ಹತ್ತಿರ ಬರುತ್ತಿದ್ದ.

ಆ ಬಸ್ಸು ಸಂತೆಯಲ್ಲಿ ಬಿದ್ದುಹೋಯಿತು. ಗಂಡ ಸುಧಾಕರ್ ಟೊಮೆಟೊ ಕ್ರೇಟುಗಳ ಸಂದಿಯಲ್ಲೆಲ್ಲ ಕೈಯಾಡಿಸಿ ಬಂದ. ಸಿಗಲಿಲ್ಲ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಗೇಟಿನ ಹತ್ತಿರ ವೆಂಕಿ ಅವಳ ಚೂಡಿದಾರದ ದುಪಟ್ಟಾವನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಉಸಿರು ಸಿಕ್ಕಿಕೊಳ್ಳುವ ಹಾಗೆ ಅಳುವನು. "ಬಸ್ಸಿಲ್ಲ, ಓಗ್ಬೇಡ. ಬಸ್ಸಿಲ್ಲ, ನೀನ್ ಬರಲ್ಲ." ಮಧ್ಯಾಹ್ನ ಊಟ ಬಿಟ್ಟ. ಸುಮಿತಾ ಆಫೀಸಿನಿಂದ ಗಂಟೆಗೊಂದು ಸಲ ಫೋನು ಮಾಡುವಳು. ಜ್ವರ ಇದೆಯಾ, ತೂಕ ಇಳಿದಿದೆಯಾ, ಮೊಬೈಲಿನ ಡಾಕ್ಟರು ಹೇಳುವ ಲಕ್ಷಣಗಳಲ್ಲಿ ಯಾವುದಾದರೂ ಇದೆಯಾ.

"ನಾನೂ ಮಕ್ಕಳ್ನ ಸಾಕಿದೀನಿ ಕಣಮ್ಮ, ಯಾವ ಮಗೂನೂ ಬಸ್ಸಿಗೆ ಅತ್ತಿಲ್ಲ," ಎಂದರು ಅಮ್ಮಾಜಮ್ಮ. ಅವರೇ ಮರುಗಳಿಗೆ, "ಅಂಥದ್ದೇ ಒಂದು ತಂದ್ಕೊಡ್ಬಾರ್ದಾ?" ಎಂದೂ ಅಂದರು.

ಬಜಾರಿನ ಆದಿನಾರಾಯಣರ ಫ್ಯಾನ್ಸಿ ಸ್ಟೋರಿನಿಂದ ಅಂಥದ್ದೇ ಒಂದು ಬಂತು. ಅಂಥದ್ದೇ ಎಂದರೆ ಬಣ್ಣ ಮಾತ್ರ ಅಂಥದ್ದು. ಬುಗುರಿ ಕಂಪನಿಯವರು ಈಚೆಗೆ ತಮ್ಮ ಗಾಡಿಗಳ ಮುಂದಿನ ಗಾಜಿಗೆಲ್ಲ ದೊಡ್ಡ ಕಣ್ಣು ಬರೆದು, ಬಂಪರಿಗೆ ನಗು ಅಂಟಿಸಿದ್ದರು. ವೆಂಕಿ ಅದನ್ನು ನೋಡಿ ಹಿಂದೆ ಸರಿದ. "ಇದು ನನ್ನೇ ನೋಡ್ತದೆ," ಎಂದು ಅದರ ಮುಖವನ್ನು ಗೋಡೆಗೆ ತಿರುಗಿಸಿಟ್ಟ.

ವಾಪಸ್ ಕೊಡಲು ಹೋದಾಗ ಆದಿನಾರಾಯಣ ತಲೆ ಕೆರೆದುಕೊಂಡರು. "ಕಣ್ಣಿಲ್ದಿರೋದು ಈಗ ಬರೋದೇ ಇಲ್ಲಮ್ಮ. ಕುಪ್ಪನ ಹತ್ರ ಒಂದದೆ, ನೀವು ಗಾಡಿ ನಿಲ್ಸೋ ಸ್ಟ್ಯಾಂಡಲ್ಲೇ. ಕೇಳಿ ನೋಡಿ. ಆದ್ರೆ ಆ ಮನುಷ್ಯ ಎಂಡ್ತೀನ ಬೇಕಾದ್ರೆ ತವರಿಗೆ ಕಳಿಸ್ತಾನೆ, ಪ್ಯಾಕೆಟ್ ಮಾತ್ರ ಮೊಳೆಯಿಂದ ಇಳ್ಸಲ್ಲ."

ಕುಪ್ಪುಸ್ವಾಮಿ ಹುಟ್ಟಿದ್ದು ನಂದಿದುರ್ಗ ಎಂಬ ಚಿನ್ನದ ಗಣಿಯ ಲೈನಿನಲ್ಲಿ, ಕಾರ್ಮಿಕರ ಸಾಲುಮನೆಯಲ್ಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದವರು. ಮೀನಿನ ಡಬ್ಬಿಯ ತಗಡಿಗೆ ಹವಾಯಿ ಚಪ್ಪಲಿಯ ರಬ್ಬರನ್ನು ಗುಂಡಗೆ ಕೊಯ್ದು ಚಕ್ರ ಹಾಕಿ, ಲೈನಿನ ಮಕ್ಕಳೆಲ್ಲ ತಮ್ಮ ಗಾಡಿಯನ್ನು ತಾವೇ ಮಾಡಿಕೊಂಡ ಕಾಲ. ತಾನೂ ಗಣಿಗೆ ಸೇರಬೇಕೆಂದು ಕಾದಿದ್ದ ಹುಡುಗ ಸೇರುವ ಹೊತ್ತಿಗೆ ಗಣಿಯೇ ಮುಚ್ಚಿತು. ಗಣಿಯ ಕಡೆ ಕೋರಮಂಡಲ್ ಸ್ಟಾಪಿನ ಮೇಲೆ ಓಡಾಡುವ ಪ್ರೈವೇಟ್ ಬಸ್ಸಿನಲ್ಲಿ ಕ್ಲೀನರಾಗಿ, ಆಮೇಲೆ ಈ ಸ್ಟ್ಯಾಂಡಿಗೆ ಬಂದರು. ಬಂದ ಹೊಸದರಲ್ಲಿ ಒಂದು ದಿನ ಆದಿನಾರಾಯಣರ ಅಂಗಡಿಯಲ್ಲಿ ತೂಗುತ್ತಿದ್ದ ಹಸಿರು ಲಾರಿಯ ಮುಂದೆ ನಿಂತುಬಿಟ್ಟರಂತೆ. "ಯಾರಿಗೆ?" ಎಂದು ಕೇಳಿದ್ದಕ್ಕೆ ಮೀಸೆ ಹೊತ್ತ ಗಂಡಸು ನಾಚಿಕೊಂಡು, "ಪಕ್ಕದ್ಮನೆ ಮಗೂಗೆ" ಎಂದರು. ಮತ್ತೆ ಬಂದಾಗಲೂ ಪಕ್ಕದ್ಮನೆ ಮಗೂಗೆ. ಲೈನಿನಲ್ಲಿ ಇವರ ಪಕ್ಕದ ಮನೆಯವರಿಗೆ ಮಕ್ಕಳೇ ಇಲ್ಲವೆಂಬುದು ಆದಿನಾರಾಯಣರಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಗೋಡೆ ತುಂಬಿತ್ತು. ಬಿಚ್ಚಿದರೆ ತನ್ನದೆಂದು ಒಪ್ಪಿಕೊಂಡಂತೆ. ಹಾಗಾಗಿ ಒಂದನ್ನೂ ಬಿಚ್ಚಲಿಲ್ಲ. ಸ್ವಂತ ಹೆಣ್ಣುಮಕ್ಕಳಿಬ್ಬರೂ ಆ ಪ್ಯಾಕೆಟ್ಟುಗಳನ್ನು ಕೆಳಗಿನಿಂದ ನೋಡಿಕೊಂಡೇ ಬೆಳೆದು, ಮದುವೆಯಾಗಿ ಹೋದರು.

ಸುಮಿತಾ ಭಾನುವಾರ ಸಂಜೆ ಹೋದಾಗ ಗೂಡಿನ ಮುಂದಿನ ಕಲ್ಲು ಬೆಂಚಿನ ಮೇಲೆ 'ಬಂಗಾರಪೇಟೆ ಬುಗುರಿ ಬಳಗ' ಸೇರಿತ್ತು. ಹೆಸರು ದೊಡ್ಡದು, ವಾಟ್ಸಪ್ಪಿನಲ್ಲಿ ಜನವೂ ಇದ್ದರು, ವಾರ ವಾರ ಬಂದು ಕೂರುವವರು ಕುಪ್ಪುಸ್ವಾಮಿ, ಆದಿನಾರಾಯಣ ಮತ್ತು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ವಿಜಯಕುಮಾರ್. ಮಾತು ಕಾವೇರಿತ್ತು.

"ಬಸ್ಸಿಗೆ ಹೆಡ್‌ಲೈಟೇ ಕಣ್ಣು," ಎನ್ನುತ್ತಿದ್ದರು ಮೇಷ್ಟ್ರು. "ಅದರ ಮೇಲೆ ಇನ್ನೊಂದು ಜೊತೆ ಯಾಕೆ? ಅದೇನು ದೃಷ್ಟಿಬೊಂಬೆನಾ?"

"ನಿಂಗೆ ದೃಷ್ಟಿಬೊಂಬೆ, ನಂಗೆ ಯಾಪಾರ," ಎಂದರು ಆದಿನಾರಾಯಣ. "ಕಣ್ಣಿರೋದು ತಂದ ದಿನಾನೇ ಖಾಲಿ ಕಣ್ಲಾ. ಮಕ್ಳು ಕುಣ್ಕೊಂಡ್ ತಗೊಂಡೋಗ್ತವೆ. ಕಣ್ಣಿಲ್ದಿದ್ದನ್ನ ತಗೊಳ್ತಿದ್ದೋರು ನಿಮ್ಮಂಥ ಮೀಸೆ ಬಂದ ಮಕ್ಳು."

"ಕಣ್ಣು ಬರ್ಕೊಳ್ಲಿ ಬಿಡಣ್ಣ. ತಳ ಯಾಕ್ ಪ್ಲಾಸ್ಟಿಕ್ ಮಾಡಿದ್ರು? ಕೈಲಿಟ್ಕೊಂಡ್ರೆ ಕಡ್ಲೆಕಾಯಿ ಸಿಪ್ಪೆ ಇದ್ದಂಗದೆ," ಎಂದರು ಕುಪ್ಪುಸ್ವಾಮಿ.

"ಅದೂ ಹೋಗ್ಲಿ," ಎಂದರು ಮೇಷ್ಟ್ರು. "ಒಳಗೇನಿದೆ ಅಂತ ಕಾಣದಿರೋ ಡಬ್ಬಿ ಒಂದು ತೆಗೆದಿದಾರಲ್ಲ, ಅದನ್ನ ಕೊಳ್ಳೋದೂ ಒಂದೇ, ದುಡ್ಡು ಕೊಟ್ಟು ಗಿಳಿಶಾಸ್ತ್ರ ಕೇಳೋದೂ ಒಂದೇ. ನಮಗೆ ಬೇಕಾದ ಕಣ್ಣಿಲ್ಲದ ಲೋಹದ ಗಾಡೀನ 'ದೊಡ್ಡವರ ಎಡಿಷನ್' ಅಂತ ಮಾಡಿ, ಮಟಮಟ ಮಧ್ಯಾಹ್ನ ಮೊಬೈಲಲ್ಲಿ ಮಾರಾಟಕ್ಕೆ ಬಿಡ್ತಾರೆ. ನಾನು ಎಂಟನೇ ಕ್ಲಾಸಿಗೆ ಮಾವಿನಕಾಯಿ ಬರೆಸೋ ಹೊತ್ತು ಅದು! ಡಬ್ಬಿ ಮೇಲೆ ಏನ್ ಬರೆದಿದೆ ಗೊತ್ತಾ? ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಮಾತ್ರ."

"ನೀವೇ ತಾನೆ ದೊಡ್ಡೋರಿಗೇ ಬ್ಯಾರೆ ಮಾಡಿ ಅಂತ ವರ್ಷಗಟ್ಲೆ ಅವ್ರ ಪೇಜಲ್ಲಿ ಬಾಯ್ ಬಡ್ಕೊಂಡಿದ್ದು," ಎಂದರು ಆದಿನಾರಾಯಣ.

"ಆಟದ ಸಾಮಾನು ಮಕ್ಕಳಿಗಲ್ವಾ?"

ಇದು ಸುಮಿತಾಳ ಬಾಯಿಂದ ಅವಳಿಗೇ ತಿಳಿಯದಂತೆ ಬಂತು. ಮೂವರೂ ತಿರುಗಿದರು. ಅವಳಿಗೆ ಅಳು ಬಂದಂತಾಯಿತು. ಬಸ್ಸು ಕಳೆದದ್ದು, ಗೇಟಿನ ಹತ್ತಿರದ ಅಳು, ಗೋಡೆಗೆ ಮುಖ ಮಾಡಿದ ಕಣ್ಣಿನ ಬಸ್ಸು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು.

"ಕೇಳಿದ್ರಾ!" ಮೇಷ್ಟ್ರು ತೊಡೆ ತಟ್ಟಿದರು. "ಮಗೂಗೂ ಕಣ್ಣು ಬೇಡವಂತೆ. ನಮ್ಮ ಪಾರ್ಟಿ!"

ಕುಪ್ಪುಸ್ವಾಮಿ ಎದ್ದು ಪರದೆ ಸರಿಸಿದರು. ಎಲ್ಲಕ್ಕಿಂತ ಮೇಲಿನ ಮೊಳೆಯಿಂದ ಒಂದು ಪ್ಯಾಕೆಟ್ ಇಳಿಸಿ, ಅಂಗಿಯ ತುದಿಯಿಂದ ಧೂಳು ಒರೆಸಿ, "ಇದೇನಾಮ್ಮಾ?" ಎಂದರು. ಕೆಂಪು ಬಸ್ಸು. ಕಣ್ಣಿಲ್ಲ, ನಗುವಿಲ್ಲ.

"ಅಯ್ಯೋ ಬೇಡ ಅಂಕಲ್, ನೀವು ಇಷ್ಟು ಜೋಪಾನವಾಗಿ…"

"ತಗೊಳ್ಳಮ್ಮಾ. ಮನೆಗ್ ಓಗಿ ತೆಗೀರಿ. ಇಲ್ಲಿ ಬಿಚ್ಬೇಡಿ, ಇವ್ರು ಅಳ್ತಾರೆ," ಎಂದು ಇನ್ನಿಬ್ಬರ ಕಡೆ ಗದ್ದ ಎತ್ತಿ ತೋರಿಸಿದರು. ಅಳುವ ಹಾಗಿದ್ದವರು ಯಾರೆಂದು ಸುಮಿತಾಳಿಗೆ ಕಂಡಿತು. ಆದರೂ ತೆಗೆದುಕೊಂಡಳು. ತಾಯಿಗೆ ಅಷ್ಟೆಲ್ಲ ಸಂಕೋಚ ಉಳಿದಿರುವುದಿಲ್ಲ.

ಮನೆಯಲ್ಲಿ ಪ್ಯಾಕೆಟ್ ಹರಿದು, ಬಸ್ಸನ್ನು ಬಿಸಿನೀರಲ್ಲಿ ತೊಳೆದು ಮಗನ ಮುಂದಿಟ್ಟಳು. ವೆಂಕಿಯ ಮುಖ ಅರಳಿತು. ಎತ್ತಿಕೊಂಡ, ತಿರುಗಿಸಿದ, ಮೂಗಿಗೆ ಹಿಡಿದ. ಅರಳಿದ ಮುಖ ನಿಧಾನವಾಗಿ ಮುದುಡಿತು.

"ಇದು ಒಸಾದು. ನನ್ ಬಸ್ಸು ಅಳೇದು."

ಮರುದಿನ ಬೆಳಿಗ್ಗೆ ದುಪಟ್ಟಾದಿಂದ ಮಗನ ಬೆರಳುಗಳನ್ನು ಸುಧಾಕರ್ ಒಂದೊಂದಾಗಿ ಬಿಡಿಸಬೇಕಾಯಿತು. ಟ್ರೈನಿನಲ್ಲಿ ಹೆಂಗಸರ ಬೋಗಿಯ ಕಿಟಕಿಗೆ ಮುಖ ಮಾಡಿ ಸುಮಿತಾ ವೈಟ್‌ಫೀಲ್ಡ್ ಬರುವವರೆಗೂ ಅತ್ತಳು. ಕೆಲಸ ಬಿಡುವುದೆಂದು ನಿಶ್ಚಯಿಸಿದಳು. ಸುಧಾಕರನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು.

ಸಂಜೆ ಸ್ಟ್ಯಾಂಡಿನಲ್ಲಿ ಬಸ್ಸನ್ನು ಕುಪ್ಪುಸ್ವಾಮಿಯ ಮುಂದಿಟ್ಟು, "ನಿಮ್ಮದನ್ನೂ ಹಾಳು ಮಾಡ್ಬಿಟ್ಟೆ ಅಂಕಲ್. ಅವನಿಗೆ ಹೊಸದು ಬೇಡವಂತೆ," ಎಂದಳು.

ಅವರು ಪ್ಯಾಕೆಟ್ಟಿಲ್ಲದ ಬಸ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಫೋನು ತೆಗೆದು, "ಅಣ್ಣ, ಅಂಗ್ಡಿ ಬಾಗ್ಲು ಆಕ್ಕೊಂಡು ಬಾ. ಮೇಷ್ಟ್ರನ್ನೂ ಕರಿ," ಎಂದರು. ಅವಳ ಕಡೆ ತಿರುಗಿ, "ಅಳೇದ್ ಎಂಗಿತ್ತು ಅಂತ ಏಳಮ್ಮಾ. ಅಂಗೇ ಮಾಡೋಣ," ಎಂದರು.

ಹೇಗಿತ್ತು! ಸುಮಿತಾಳಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತಿತ್ತು? ಆ ಬಸ್ಸಿನಿಂದ ಒಂದು ಚೂರು ಬಣ್ಣ ಹೋದಾಗಲೂ ಅದು ಮಗನ ಹೊಟ್ಟೆಗೆ ಹೋಯಿತೆಂದು ಅವಳು ನಡುಗಿದ್ದಳು. ಯಾವ ಅಂಚು ಚೂಪಾಗಿದೆ ಎಂದು ದಿನಾ ಬೆರಳಾಡಿಸಿ ನೋಡಿದ್ದಳು. "ಮುಂದಿನ ಬಂಪರಲ್ಲಿ ಬಣ್ಣ ಪೂರ್ತಿ ಹೋಗಿತ್ತು. ಬಾಗಿಲ ಕಡೆ ಉದ್ದಕ್ಕೆ ಗೀರಿತ್ತು. ಮೇಲ್ಗಡೆ ಮೂಲೆಯಲ್ಲಿ ಹಲ್ಲಿನ ಗುರುತು…"

ಪ್ಯಾಕೆಟ್ಟಿನ ಮೂಲೆ ಮಡಚಿದರೂ ವಾರಗಟ್ಟಲೆ ಕೊರಗುವ ಗಂಡಸರು ಕಲ್ಲು ಬೆಂಚಿನ ಸುತ್ತ ಕೂತು ಹೊಸ ಬಸ್ಸನ್ನು ಕೆಡಿಸಲು ಶುರು ಮಾಡಿದರು. ಮೊದಲ ಗೀರು ಹಾಕಲು ಯಾರಿಗೂ ಕೈ ಬರಲಿಲ್ಲ. ಕುಪ್ಪುಸ್ವಾಮಿಯೇ ಕಣ್ಣು ಮುಚ್ಚಿ ಬಂಪರನ್ನು ಕಲ್ಲಿಗೆ ಉಜ್ಜಿದರು.

"ಹಿಂಗೆ ಎಷ್ಟೊತ್ತಾಗುತ್ತೆ? ಚಿನ್ನ ತೆಗೆದು ಸುರಿದಿರೋ ಸೈನೈಡ್ ಗುಡ್ಡದ ಮರಳು ತಂದು ಉಜ್ಜಿದ್ರೆ ಒಂದೇ ನಿಮಿಷ," ಎಂದರು ಮೇಷ್ಟ್ರು.

ಸುಮಿತಾ ಕಿರುಚಿಯೇಬಿಟ್ಟಳು. "ಸೈನೈಡಾ! ಸರ್, ಅವನು ಬಾಯಿಗೆ ಹಾಕ್ಕೊಳ್ತಾನೆ!"

"ಏನಾಗಲ್ಲಮ್ಮ. ಮಾರಿಕುಪ್ಪಂ ಕಡೆಯೋರು ನಾವು, ಅದ್ರ ಮೇಲೇ ಜಾರಿ ಆಡಿ ಬೆಳೆದಿದ್ದು."

"ಅದಕ್ಕೇ ನೀನ್ ಇಂಗಾಗಿರೋದು," ಎಂದರು ಆದಿನಾರಾಯಣ. "ಸುಮ್ನೆ ಬಾಯ್ ತೆಗಿ. ಅಲ್ಲು ಕಚ್ಚಿದ್ ಗುರುತು ಬೇಕಂತೆ. ನಂದು ಕಟ್ಟಿಸಿದ್ ಅಲ್ಲು."

ಮೇಷ್ಟ್ರು ಆಚೀಚೆ ತಮ್ಮ ಶಾಲೆಯ ಹುಡುಗರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಸ್ಸಿನ ಮೂಲೆ ಕಚ್ಚಿದರು. ಸುಮಿತಾ ಬಗ್ಗಿ ನೋಡಿ, "ಇನ್ನೂ ಸ್ವಲ್ಪ ಸಣ್ಣ ಹಲ್ಲು ಸರ್," ಎಂದಾಗ ಕುಪ್ಪುಸ್ವಾಮಿ ನಕ್ಕ ನಗುವಿಗೆ ಟೋಕನ್ನಿಗೆ ನಿಂತವರೂ ತಿರುಗಿ ನೋಡಿದರು.

ಎಲ್ಲ ಆದ ಮೇಲೂ ಏನೋ ಒಂದು ಕಡಿಮೆ. ಬಸ್ಸು ಬೆಂಚಿನ ಮೇಲೆ ನೀರಿನಂತೆ ಹರಿಯುತ್ತಿತ್ತು. ವೆಂಕಿಯದು ಹಾಗೆ ಹರಿಯುತ್ತಿರಲಿಲ್ಲ, ಹಿಂದಿನ ಎಡಚಕ್ರ ತಡೆದು ತಡೆದು ಓಡುತ್ತಿತ್ತು. ಯಾಕೆ ತಡೆಯುತ್ತಿತ್ತೆಂದು ಯೋಚಿಸಿದಾಗ ಸುಮಿತಾಳ ಕೈ ತಾನಾಗಿ ಜಡೆಗೆ ಹೋಯಿತು. ಆ ಚಕ್ರದ ಕಡ್ಡಿಗೆ ಅವಳ ಕೂದಲು ಸುತ್ತಿಕೊಂಡಿತ್ತು. ಪಿನ್ನು ಹಾಕಿ ಎಷ್ಟು ಎಳೆದರೂ ಬಂದಿರಲಿಲ್ಲ. ಒಂದೆರಡು ಎಳೆ ಕಿತ್ತು ಕುಪ್ಪುಸ್ವಾಮಿಗೆ ಕೊಟ್ಟಳು. ಅವರು ಕನ್ನಡಕ ಹಣೆಗೇರಿಸಿ, ಬಸ್ಸನ್ನು ಮೂಗಿನ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು ಸುತ್ತಿದರು. ಆ ಹೊತ್ತು ಕಂಪನಿಯ ಸುದ್ದಿ ಯಾರೂ ಎತ್ತಲಿಲ್ಲ.

ಮನೆಗೆ ಬಂದು ಅವಳು ಬಸ್ಸನ್ನು ಮತ್ತೆ ಕುದಿಯುವ ನೀರಲ್ಲಿ ತೊಳೆದಳು, ಮೇಷ್ಟ್ರ ಹಲ್ಲಿನ ಜಾಗವನ್ನು ಇನ್ನೊಂದು ಸಲ. ಕೂದಲಿನ ಚಕ್ರವನ್ನು ಮಾತ್ರ ಉಜ್ಜಲಿಲ್ಲ. ಆಮೇಲೆ ಅದನ್ನು ಹೊಸ್ತಿಲ ಹತ್ತಿರ ಇಟ್ಟು, ಅಡುಗೆಮನೆಗೆ ಹೋಗಿ ಕಿವಿಗೊಟ್ಟು ನಿಂತಳು. ಮಗುವಿಗೆ ಮೋಸ ಮಾಡುತ್ತಿದ್ದೇನೆಯೇ ಎಂಬ ಹೊಸ ಚಿಂತೆಯೊಂದು ಆಗಲೇ ಹುಟ್ಟಿತ್ತು.

ಹೊರಗೆ ಚಕ್ರ ತಡೆದು ತಡೆದು ಓಡುವ ಸದ್ದು. ನಿಂತಿತು. ಮತ್ತೆ ಓಡಿತು. ಆಮೇಲೆ ವೆಂಕಿಯ ಗದರಿಕೆ ಕೇಳಿಸಿತು. "ಎಲ್ಲಿಗ್ ಓಗಿದ್ದೆ? ಆಂ? ಯೋಳ್ಬಿಟ್ಟು ಓಗ್ಬೇಕು ತಾನೆ?"

ಬೆಳಿಗ್ಗೆ ಗೇಟಿನ ಹತ್ತಿರ ಅವನು ಅಳಲಿಲ್ಲ ಎಂದಲ್ಲ. ತುಟಿ ನಡುಗಿತು. ಬಸ್ಸನ್ನು ಎದೆಗೆ ಒತ್ತಿಕೊಂಡು, "ಓಗು," ಎಂದ.

ಆ ಸಂಜೆ ಅಮ್ಮಾಜಮ್ಮ ಮೊಮ್ಮಗನನ್ನು ಕರೆದುಕೊಂಡು ಸ್ಟ್ಯಾಂಡಿಗೇ ಬಂದಿದ್ದರು. ಟ್ರೈನಿಳಿದು ಬಂದ ಅಮ್ಮನನ್ನು ಕಂಡದ್ದೇ ತಡ, ವೆಂಕಿ ಬಸ್ಸಿಗೊಂದು ಮುತ್ತು ಕೊಟ್ಟು, ಅದನ್ನು ಪಕ್ಕದಲ್ಲಿದ್ದ ಕುಪ್ಪುಸ್ವಾಮಿಯ ಕೈಗೆ, "ಇಡ್ಕೋ ತಾತ" ಎಂದು ಹಾಕಿ ಓಡಿದ. ಆದಿನಾರಾಯಣ, ಮೇಷ್ಟ್ರು ಬುಗುರಿಯವರ ಹೊಸ ಜಾಹೀರಾತಿನ ಬಗ್ಗೆ ಜಗಳಕ್ಕೆ ಬಿದ್ದಿದ್ದರು. ಕುಪ್ಪುಸ್ವಾಮಿ ಅಂಗೈಯಲ್ಲಿದ್ದ ಬಸ್ಸನ್ನು ಒಂದು ಗಳಿಗೆ ನೋಡಿ, ಬೆಂಚಿನ ಮೇಲಿಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರು.

"ಏನ್ಲಾ ಕುಪ್ಪಾ, ಓಡಿಸ್ತಿದೀಯಾ?" ಎಂದರು ಆದಿನಾರಾಯಣ.

ಕುಪ್ಪುಸ್ವಾಮಿಯ ಬಾಯಲ್ಲಿ ಸಣ್ಣಗೆ ಇಂಜಿನ್ನಿನ ಸದ್ದು ಶುರುವಾಗಿತ್ತು.

ಸುಮಿತಾ ಸ್ಕೂಟಿ ತೆಗೆದು, ಮಗನನ್ನು ಮುಂದೆ ನಿಲ್ಲಿಸಿ, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬಂದಳು. ವೆಂಕಿ ಕೈ ಚಾಚಿದ. "ಕೊಡು ತಾತ. ನಾಳಿಕ್ಕೆ ಬೇಕು."

"ಇರು ಸಾಮಿ," ಎಂದರು ಕುಪ್ಪುಸ್ವಾಮಿ ತಲೆಯೆತ್ತದೆ. "ಕೋರಮಂಡಲ್ ದಾಟ್ತಾ ಅದೆ. ಬಂದ್ಬಿಡ್ತದೆ."

ಸುಮಿತಾ ಇಂಜಿನ್ ಆಫ್ ಮಾಡಿ ಕಾದಳು.